ಜಾರಿದ ಮೇಲೆ ಬಿಗಿದ ಬೋಲ್ಟು

ಬೋಲ್ಟು ಬಿಗಿಯಾಗಿತ್ತು. ನನ್ನ ಹೊಟ್ಟೆ ತಣ್ಣಗಾಯಿತು.

ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು, ಯಂತ್ರದ ನೆತ್ತಿಯ ಕಿಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಅಲೆನ್ ಕೀ ಹಾಕಿ ಅದನ್ನು ಅಲುಗಿಸಿ ನೋಡಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಎಳೆದಿದ್ದ ಕೆಂಪು ಗೆರೆಯೂ ಎಲ್ಲೂ ಮುರಿಯದೆ ನೆಟ್ಟಗಿತ್ತು.

ಕೈತೊಳೆಯುವ ಬೇಸಿನ್ ಮಾಡುವ ಕಾರ್ಖಾನೆ ಇದು. ಉದ್ದಕ್ಕೆ ಎಂಟು ಮೀಟರ್, ಅಡ್ಡಕ್ಕೆ ಎರಡು, ಮೇಲೆ ಕೆಳಗೆ ಒಂದು ಮೀಟರ್ ಓಡಾಡಿ ಬೇಸಿನ್‌ಗಳನ್ನು ಎತ್ತಿ ಇಡುವ ಗ್ಯಾಂಟ್ರಿ ಯಂತ್ರ. ಮೇಲೆ ಕೆಳಗೆ ಹೋಗುವ ಭಾಗಕ್ಕೆ ಒಂದು ಮೋಟಾರು, ಅದರ ಕೆಳಗೆ ಉದ್ದನೆಯ ಸ್ಕ್ರೂ, ಎರಡನ್ನೂ ಕೂಡಿಸಿ ಹಿಡಿಯುವ ಮುಷ್ಟಿಗಾತ್ರದ ಕಪ್ಲಿಂಗ್. ಬ್ರೇಕು ಇರುವುದು ಮೋಟಾರಿನಲ್ಲಿ. ಮೊನ್ನೆ ಬೆಳಿಗ್ಗೆ ಯಂತ್ರ ನಿಂತಿತ್ತು, ಬ್ರೇಕು ಹಿಡಿದೇ ಇತ್ತು. ಒಡೆದ ಬೇಸಿನ್ ಚೂರು ತೆಗೆಯಲು ಆಪರೇಟರ್ ಹೆಂಗಸು ಕೆಳಗೆ ಕೈ ಹಾಕಿದಳು. ಕಪ್ಲಿಂಗ್ ಜಾರಿತು, ಸ್ಕ್ರೂ ಗಿರ್ರನೆ ತಿರುಗಿತು, ಮೂವತ್ತೆರಡು ಕಿಲೋ ಭಾರ ಅವಳ ತೋಳಿನ ಮೇಲೆ ಬಿತ್ತು.

ತೋಳು ಎರಡು ಕಡೆ ಮುರಿದಿದೆ. ಯಾರ ತಪ್ಪು ಎಂದು ಇವತ್ತು ಸಂಜೆ ನಾಲ್ಕಕ್ಕೆ ನಾನು ಬರೆದು ಕೊಡಬೇಕು. ಅದಕ್ಕೇ ಯಂತ್ರದ ಬಾಗಿಲಿಗೆ ಮೊನ್ನೆಯೇ ನನ್ನ ಬೀಗ ಹಾಕಿದ್ದೆ.

ಕೆಂಪು ಗೆರೆ ನನಗೆ ಉತ್ತರ ಹೇಳಿಬಿಟ್ಟಿತ್ತು. ಬೋಲ್ಟು ಬಿಗಿದ ಮೇಲೆ ಫಿಟ್ಟರುಗಳು ಹೀಗೊಂದು ಗೆರೆ ಎಳೆಯುತ್ತಾರೆ. ಬೋಲ್ಟು ಸಡಿಲವಾದರೆ ಗೆರೆ ಎರಡು ತುಂಡಾಗುತ್ತದೆ. ಗೆರೆ ಮುರಿದಿಲ್ಲ ಎಂದರೆ ಬೋಲ್ಟು ಸಡಿಲವಾಗಿಲ್ಲ. ಬಿಗಿಯಾಗಿದ್ದೂ ಕಪ್ಲಿಂಗ್ ಜಾರಿದೆ ಎಂದರೆ ಅದು ಹೊರೆಗೆ ಸಾಲದಷ್ಟು ಚಿಕ್ಕದು. ಚಿಕ್ಕದನ್ನು ಆರಿಸಿದ ಡಿಸೈನರ್ ತಪ್ಪು ಅದು.

ಡಿಸೈನರ್ ನನ್ನ ತಂಗಿ.

ಈ ಕಾರ್ಖಾನೆಯಲ್ಲಿ ಅದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಈ ತನಿಖೆ ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಕೆಲಸ ಒಪ್ಪಿಸಿದವರಿಗೆ ನಾನು ಹೇಳಬೇಕಿತ್ತು, ಹೇಳಲಿಲ್ಲ. ಯಾಕೆ ಎಂದರೆ, ಅವಳು ತಪ್ಪಿದಳು ಎಂದು ನನ್ನ ಕೈಯಾರೆ ಬರೆಯಬೇಕು ಎನ್ನುವ ಆಸೆ. ಇದನ್ನು ಬೆಣ್ಣೆ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ.

ಏಣಿ ಹಿಡಿದು ಕೆಳಗೆ ನಿಂತಿದ್ದ ಫೋರ್‌ಮನ್ ಕತ್ತೆತ್ತಿ ಏನಾದರೂ ಸಿಕ್ಕಿತೇ ಎಂದು ಕೇಳಿದ. ತಲೆ ನರೆತ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಬೆಳಿಗ್ಗೆಯಿಂದ ‘ನಮ್ಮ ಮೇಡಂ’ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ನಮ್ಮ ಮೇಡಂ ಹೀಗೆ ಲೆಕ್ಕ ಹಾಕುತ್ತಾರೆ, ನಮ್ಮ ಮೇಡಂ ಹಾಗೆ ಗೆರೆ ಎಳೆಯುತ್ತಾರೆ, ನಮ್ಮ ಮೇಡಂ ಒಂದು ಸಲವೂ ದನಿ ಎತ್ತಿ ಮಾತಾಡಿಲ್ಲ. ನಾನು ಅವನಿಗೆ ‘ತನಿಖೆ ಮೇಡಂ’. ಅವಳಿಗೆ ನಮ್ಮ, ನನಗೆ ತನಿಖೆ. ಹುಟ್ಟಿದಾಗಿನಿಂದ ಇದೇ ಹಣೆಬರಹ.

ಹಾಗೆ ನೋಡಿದರೆ ನಿನ್ನೆ ಸಂಜೆಯೆಲ್ಲ ಅವಳ ಲೆಕ್ಕದ ಹಾಳೆಗಳನ್ನು ನಾನು ಜರಡಿ ಹಿಡಿದಿದ್ದೆ. ಭಾರ ಮೂವತ್ತೆರಡು ಕಿಲೋ, ಅವಳು ಹಿಡಿದದ್ದು ನಲವತ್ತೈದು. ಥಟ್ಟನೆ ನಿಂತಾಗ ಬೀಳುವ ಹೊಡೆತವನ್ನೂ ಸೇರಿಸಿದ್ದಳು. ಉದ್ದದ ಓಟಕ್ಕೆ ಸ್ಕ್ರೂ ಹಾಕದೆ ಬೆಲ್ಟ್ ಹಾಕಿದ್ದಳು, ಎಂಟು ಮೀಟರ್ ಸ್ಕ್ರೂ ವೇಗವಾಗಿ ತಿರುಗಿದರೆ ಒಣಹಾಕಿದ ಸೀರೆಯ ಹಾಗೆ ಬಳುಕುತ್ತದೆ. ಬೇಸಿನ್ ಮಣ್ಣಿನ ಧೂಳು ಹಳಿಯೊಳಗೆ ಹೋಗದಂತೆ ಮುಸುಕು, ಮುಸುಕಿನೊಳಗೆ ಸಣ್ಣಗೆ ಗಾಳಿಯ ಒತ್ತಡ. ಎರಡು ಪಾಳಿ ಓಡಿದರೆ ಬೇರಿಂಗ್ ಎಷ್ಟು ವರ್ಷ ಬಾಳುತ್ತದೆ ಎಂಬುದೂ ಇತ್ತು. ಕಪ್ಲಿಂಗ್ ಹಿಡಿತಕ್ಕೆ ಬೇಕಾದ್ದಕ್ಕಿಂತ ದುಪ್ಪಟ್ಟು ಹಿಡಿದಿದ್ದಳು.

ಒಂದೇ ಒಂದು ತಪ್ಪು ಸಿಗಲಿಲ್ಲ. ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಈಗ ಗೆರೆ ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಫೋಟೋ ತೆಗೆದೆ. ಇಳಿದು ಬರೆಯಲು ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪನ ಕೈಕೆಳಗೆ ಪಳಗಿದ ಕೈ ಇದು, ಅರ್ಧಕ್ಕೆ ಬಿಡುವುದಿಲ್ಲ. ಎಷ್ಟು ಬಿಗಿ ಎಂದು ಅಳೆದೇ ಬಿಡೋಣ ಎಂದು ಫೋರ್‌ಮನ್ ಕೈಯಿಂದ ಟಾರ್ಕ್ ವ್ರೆಂಚ್ ಇಸಿದುಕೊಂಡೆ. ಎಷ್ಟು ಬಲಕ್ಕೆ ಬೋಲ್ಟು ತಿರುಗುತ್ತದೆ ಎಂದು ತೋರಿಸುವ ಸ್ಪ್ಯಾನರ್ ಅದು. ಈ ಕಪ್ಲಿಂಗಿಗೆ ತಯಾರಕರು ಹೇಳಿದ ಬಿಗಿ ಹತ್ತು ನ್ಯೂಟನ್ ಮೀಟರ್.

ಹತ್ತಕ್ಕೆ ಇಟ್ಟು ಎಳೆದೆ. ವ್ರೆಂಚ್ ಟಕ್ ಅಂದಿತು, ಬೋಲ್ಟು ಕದಲಲಿಲ್ಲ. ಹನ್ನೆರಡು. ಕದಲಲಿಲ್ಲ. ಹದಿನಾಲ್ಕು ದಾಟಿದ ಮೇಲೆ ಒಂದು ಎಳೆಯಷ್ಟು ಸರಿಯಿತು.

ನಾನು ಏಣಿಯ ಮೇಲೇ ನಿಂತುಬಿಟ್ಟೆ.

ಹತ್ತರಷ್ಟು ಬಿಗಿಗೇ ಜಾರಬಾರದ ಕಪ್ಲಿಂಗ್, ಹದಿನಾಲ್ಕು ಬಿಗಿದ ಮೇಲೂ ಜಾರಿತೇ? ಆಗದ ಮಾತು. ಹಾಗಾದರೆ ಜಾರಿದಾಗ ಅದು ಸಡಿಲವಾಗಿತ್ತು. ಯಾರೋ ಬಿದ್ದ ಮೇಲೆ ಬಂದು ಬಿಗಿದಿದ್ದಾರೆ, ಅಳತೆಯ ಸ್ಪ್ಯಾನರ್ ಇಲ್ಲದೆ, ಹೆದರಿದ ಕೈಯಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಿ.

ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹೆಬ್ಬೆರಳ ಉಗುರಿನಿಂದ ಆ ಕೆಂಪು ಗೆರೆಯನ್ನು ಕೆರೆದೆ. ಉಗುರಿನ ಬಣ್ಣ ಮೊದಲೇ ಅರ್ಧ ಎದ್ದುಹೋಗಿತ್ತು. ಬೆಳಿಗ್ಗೆ ಹಚ್ಚೋಣ ಎಂದರೆ ಸೀಸೆ ಸಿಕ್ಕಿರಲಿಲ್ಲ. ಗೆರೆಯ ಮೇಲ್ಪದರ ಚಕ್ಕೆಯಾಗಿ ಎದ್ದು ಬಂತು, ಒಳಗಿನ್ನೂ ಮೆತ್ತಗಿತ್ತು. ಅದರಡಿ ಹಳದಿ ಬಣ್ಣದ ಇನ್ನೊಂದು ಗೆರೆ. ಬೋಲ್ಟಿನ ತಲೆಯ ಮೇಲಿನ ಹಳದಿಗೂ ಪಕ್ಕದ ಲೋಹದ ಹಳದಿಗೂ ನಡುವೆ ಎರಡು ಅಕ್ಕಿಕಾಳಿನಷ್ಟು ಅಂತರ ಇತ್ತು.

ಈ ಶೆಡ್ಡಿನಲ್ಲಿ ಯಾವ ಬಣ್ಣದ ಪೆನ್ನು ಬಳಸುತ್ತೀರಿ ಎಂದು ಫೋರ್‌ಮನ್‌ನನ್ನು ಕೇಳಿದೆ. ಹಳದಿ ಬಿಟ್ಟು ಬೇರೆ ತರಿಸಿಯೇ ಇಲ್ಲ ಎಂದ. ಕೆಂಪು ಎಲ್ಲಿಂದ ಬಂತೋ, ಯಾವ ಪುಣ್ಯಾತ್ಮ ಎಳೆದನೋ ಎಂದು ಅವನೇ ತಲೆ ಕೆರೆದುಕೊಂಡ.

ಚಕ್ಕೆಯನ್ನು ಮೂಗಿಗೆ ಹಿಡಿದೆ. ಆ ಘಾಟು ನನಗೆ ಚೆನ್ನಾಗಿ ಗೊತ್ತು.

ಅದು ಪೆನ್ನಿನ ಬಣ್ಣವಲ್ಲ, ನೇಲ್ ಪಾಲಿಶ್.

ಅಪ್ಪ ಫಿಟ್ಟರ್. ಬಣ್ಣದ ಪೆನ್ನು ಮೂರು ದಿನಕ್ಕೆ ಒಣಗುತ್ತದೆ, ಎಣ್ಣೆ ಕಂಡರೆ ಅಳಿಸಿಹೋಗುತ್ತದೆ ಎಂದು ಬೈದು, ಬೋಲ್ಟಿಗೆ ಗುರುತು ಹಾಕಲು ನೇಲ್ ಪಾಲಿಶ್ ಒಯ್ಯುತ್ತಿದ್ದ. ಯಾರದ್ದು? ನನ್ನದು. ಮನೆಯಲ್ಲಿ ಇದ್ದದ್ದೇ ನನ್ನ ಒಂದು ಸೀಸೆ. ಚಿಕ್ಕವಳಿಗೆ ಆ ಶೋಕಿ ಇರಲಿಲ್ಲ, ಆದರೆ ಅಪ್ಪನ ಪಕ್ಕ ಕೂತು ಗೆರೆ ಎಳೆಯುವ ಕೆಲಸ ಮಾತ್ರ ಅವಳದ್ದು. ನನ್ನ ಸೀಸೆ, ಅವಳ ಗೆರೆ. ಈ ವಿದ್ಯೆಯನ್ನು ಅಪ್ಪ ಕಾರ್ಖಾನೆಯಲ್ಲಿ ಯಾರಿಗೂ ಹೇಳಿಕೊಡಲಿಲ್ಲ. ನಕ್ಕಾರು ಎಂದು ಮನೆಯವರಿಗೆ ಮಾತ್ರ ತೋರಿಸಿದ್ದ.

ಡಿಸೈನ್ ತಪ್ಪಲ್ಲದಿದ್ದರೆ ಹೋಗಲಿ, ಇದು ಅದಕ್ಕಿಂತ ದೊಡ್ಡದು. ಸಾಕ್ಷಿ ತಿದ್ದಿದ್ದಾಳೆ. ಅಪ್ಪನ ಮುದ್ದಿನ ಮಗಳು, ಎಲ್ಲರ ನಮ್ಮ ಮೇಡಂ, ಕದ್ದುಬಂದು ಬೋಲ್ಟು ಬಿಗಿದು ಗೆರೆ ಎಳೆದಿದ್ದಾಳೆ.

ಏಣಿ ಇಳಿಯುವಾಗ ನನಗೆ ಐವತ್ತೆರಡು ವಯಸ್ಸು ಎಂಬುದೇ ಮರೆತುಹೋಗಿತ್ತು.

ಫೋರ್‌ಮನ್‌ನಿಂದ ಫೋಟೋಗಳಿಗೆ ಸಾಕ್ಷಿ ಸಹಿ ಹಾಕಿಸಿಕೊಂಡು, ಚಕ್ಕೆಯನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆ. ಈ ಬೋಲ್ಟನ್ನು ಕೊನೆಗೆ ಬಿಚ್ಚಿದ್ದು ಯಾವಾಗ ಎಂದೂ ಕೇಳಿದೆ. ಮೂರು ವಾರದ ಹಿಂದೆ ಮೋಟಾರ್ ಬದಲಾಯಿಸಿದರಂತೆ. ಇವನು ಆಗ ರಜೆಯಲ್ಲಿದ್ದ. ಕೆಲಸದ ಪುಸ್ತಕದಲ್ಲಿ ‘ಮೋಟಾರ್ ಕಂಪನಿಯವರು ಬಂದು ಹಾಕಿದರು’ ಎಂದಷ್ಟೇ ಇತ್ತು. ಹಾಗಾದರೆ ಅವತ್ತು ಸರಿಯಾಗಿ ಬಿಗಿಯದೆ ಹೋದವರು ಯಾರೋ ಒಬ್ಬರು, ಮುಚ್ಚಿಟ್ಟವಳು ಇವಳು ಎಂದು ನನ್ನ ತಲೆಯಲ್ಲಿ ಲೆಕ್ಕ ಕೂಡಿತು.

ಗೇಟಿನ ಕಡೆಗಿದ್ದ ಕಿಟಕಿಯ ಬಳಿ ನಿಂತು ಎರಡು ಗುಟುಕು ನೀರು ಕುಡಿದೆ. ಬೆಳಿಗ್ಗೆ ನನ್ನ ಗಂಡ ಹೇಳಿದ ಮಾತು ನೆನಪಾಯಿತು. ಅವರೂ ಯಂತ್ರದ ಕಸುಬಿನವರೇ, ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ ಮೋಟಾರು ಕೂರಿಸುವ, ರಿಪೇರಿ ಮಾಡುವ ಸರ್ವಿಸ್ ಇಂಜಿನಿಯರ್. ನಾನು ಅವರಿಗಿಟ್ಟ ಹೆಸರು ಗಡಿಯಾರ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮನೆ. ಆ ಹೆಸರು ನನ್ನ ಬಾಯಲ್ಲಿ, ಅವರ ಕಿವಿಯಲ್ಲಿ, ನಮ್ಮ ನಾಲ್ಕು ಗೋಡೆಯೊಳಗೆ ಮಾತ್ರ.

ಇಪ್ಪತ್ತೆರಡು ವರ್ಷದಲ್ಲಿ ನನ್ನ ತಂಗಿಯ ಬಗ್ಗೆ ಒಂದು ಕೆಟ್ಟ ಮಾತು ಆಡದವರು ಇವತ್ತು ತಟ್ಟೆಯಿಂದ ತಲೆ ಎತ್ತದೆ, ಡಿಸೈನ್ ತಪ್ಪೇ ಇರಬೇಕು ನೋಡು, ನಿನ್ನ ಮನಸ್ಸಿಗೆ ಬಂದದ್ದೇ ಸರಿ ಎಂದಿದ್ದರು. ನನಗೆ ಎಷ್ಟು ಹಿತವಾಗಿತ್ತು ಎಂದರೆ ಇನ್ನೊಂದು ಸೌಟು ಬಡಿಸಿದ್ದೆ.

ತಂಗಿಯ ಡ್ರಾಯಿಂಗ್ ರೂಮು ಶೆಡ್ಡಿನ ಮೇಲಿನ ಮಹಡಿ. ಉದ್ದನೆಯ ಮೇಜು, ಎರಡು ಕಂಪ್ಯೂಟರ್ ಪರದೆ, ಮಡಚುವ ಕತ್ತಿನ ದೀಪ, ಕಿಟಕಿಯಂಚಿನಲ್ಲಿ ಸವೆದ ಬೇರಿಂಗ್‌ಗಳ ಸಾಲು. ಕಾಗದ ಹಾರದಂತೆ ಇಡಲು ಒಂದು ತುಂಡು ಹಳಿ. ಎಲ್ಲವೂ ಅಚ್ಚುಕಟ್ಟು. ಚಿಕ್ಕಂದಿನಲ್ಲೂ ಹೀಗೇ, ಅವಳ ಪೆನ್ಸಿಲ್ ಡಬ್ಬಿ ತೋರಿಸಿ ಅಮ್ಮ ನನಗೆ ಬೈಯುತ್ತಿದ್ದಳು.

ಮೇಜಿನ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿದ ಒಂದು ಹಾಳೆ. ‘ಮುಖ್ಯ ಡಿಸೈನರ್ ಅವರ ಏಳು ಪ್ರಶ್ನೆಗಳು’ ಎಂದು ಮೇಲೆ ದಪ್ಪ ಅಕ್ಷರ. ಎಷ್ಟು ಭಾರ? ಯಾವ ದಿಕ್ಕು? ಎಷ್ಟು ದೂರ? ಎಷ್ಟು ವೇಗ? ಎಷ್ಟು ನಿಖರ? ಎಂಥಾ ಜಾಗ? ದಿನಕ್ಕೆ ಎಷ್ಟು ಹೊತ್ತು?

ಗಿರಾಕಿ ಬಂದು ಯಂತ್ರ ಬೇಕು ಎಂದಾಗ ಇವನ್ನು ಕೇಳದೆ ಪೆನ್ಸಿಲ್ ಮುಟ್ಟಬಾರದು. ಅದು ನಿಜ. ಆದರೆ ಅವನ್ನು ಬರೆದವಳು ನಾನು. ಇವಳ ಮೊದಲ ಸಂದರ್ಶನದ ಹಿಂದಿನ ದಿನ ಏನೂ ಬರುವುದಿಲ್ಲ ಎಂದು ಇವಳು ಗೊಳೋ ಅಂದಾಗ, ಹಳೇ ಕ್ಯಾಲೆಂಡರಿನ ಹಿಂದೆ ಬರೆದು, ಇಷ್ಟು ಬಾಯಿಪಾಠ ಮಾಡು ಸಾಕು ಎಂದವಳು ನಾನು. ಮಾಡಿದಳು. ಕೆಲಸ ಸಿಕ್ಕಿತು. ಈಗ ಹೊಸದಾಗಿ ಸೇರಿದವರೆಲ್ಲ ಆ ಹಾಳೆಗೆ ಕೈಮುಗಿಯುವುದೊಂದು ಬಾಕಿ.

ಅವಳು ಎದ್ದು ನಿಂತಳು. ಬೇರೆಯವರ ಎದುರು ಎರಡು ದಿನದಿಂದ ಮೇಡಂ ಎನ್ನುತ್ತಿದ್ದವಳು, ಬಾಗಿಲು ಮುಚ್ಚಿದ ಮೇಲೆ ಅಕ್ಕಾ ಎಂದಳು. ಊಟ ಆಯಿತೇ ಎಂದು ಕೇಳಿದಳು. ಇಂಥ ಹೊತ್ತಿನಲ್ಲಿ ಊಟದ ಮಾತು. ಇದೇ ಇವಳ ಬಾಣ, ಎದುರಿಗಿದ್ದವರಿಗೆ ತಾವೇ ಕೆಟ್ಟವರು ಅನಿಸಿಬಿಡಬೇಕು.

ನಾನು ಕೂರಲಿಲ್ಲ. ಒಂದೊಂದಾಗಿ ಹೇಳುತ್ತ ಹೋದೆ: ಹದಿನಾಲ್ಕರ ಬಿಗಿ, ಕೆಂಪಿನಡಿಯ ಮುರಿದ ಹಳದಿ, ನೇಲ್ ಪಾಲಿಶಿನ ಘಾಟು. ಆಪರೇಟರ್ ಹೆಂಗಸು ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, ಕೈ ಸರಿ ಹೋಗುತ್ತೋ ಇಲ್ಲವೋ, ಯಾರು ಹೀಗೆ ಮಾಡಿದರು ಎಂಬುದನ್ನಾದರೂ ನನಗೆ ತಿಳಿಸಿ ಎಂದಳು. ಅದನ್ನೂ ಹೇಳಿದೆ. ನನ್ನ ದನಿ ಏರುತ್ತಲೇ ಇತ್ತು, ಅವಳು ಕೇಳುತ್ತಲೇ ಇದ್ದಳು.

“ಅಪ್ಪನ ಗೆರೆ ಎಳೆಯೋಳು ನೀನು. ಸಿಕ್ಕಿಬಿದ್ದೆ,” ಅಂದೆ.

ಅವಳು ತಡವರಿಸಲಿಲ್ಲ. ಫೋಟೋ ನೋಡಿದಳು. ಕವರು ಬಿಚ್ಚಿ ಚಕ್ಕೆಯನ್ನು ಬಿಳಿ ಹಾಳೆಯ ಮೇಲೆ ಇಟ್ಟಳು.

“ಅಕ್ಕಾ, ಗೆರೆ ಮುರಿದಿಲ್ಲ ಅಂದ್ರೆ ತಪ್ಪು ಯಾರ ತಲೆಗೆ ಬರುತ್ತೆ?”

ಉತ್ತರವನ್ನೂ ಅವಳೇ ಕೊಟ್ಟಳು.

“ನನ್ನ ತಲೆಗೆ. ಬೋಲ್ಟು ಸಡಿಲ ಇತ್ತು ಅಂತ ಗೊತ್ತಾದ್ರೆ ಡಿಸೈನ್ ಬಚಾವ್, ನಾನು ಬಚಾವ್. ಅದನ್ನ ಬಿಗಿದು, ಗೆರೆ ಎಳೆದು, ನನ್ನ ಕತ್ತಿಗೆ ನಾನೇ ಹಗ್ಗ ಹಾಕ್ಕೊಳ್ತೀನಾ?”

ಇಷ್ಟು ಸಣ್ಣ ವಿಷಯ. ಏಣಿಯ ಮೇಲೇ ಹೊಳೆಯಬೇಕಿತ್ತು. ಬೇರೆ ಯಾರ ಯಂತ್ರವಾಗಿದ್ದರೂ ಹೊಳೆಯುತ್ತಿತ್ತು. ಮೂವತ್ತು ವರ್ಷದ ಅನುಭವ ನನ್ನದು, ಇವಳ ಹೆಸರು ಕಂಡ ಕೂಡಲೇ ಬುದ್ಧಿಗೆ ಮಂಕು ಬಡಿಯಿತು. ಕೂತೆ.

ಅವಳು ದೀಪದ ಕತ್ತು ಬಗ್ಗಿಸಿ ಬೆಳಕನ್ನು ಹಾಳೆಗೆ ತಂದಳು. ಶೆಡ್ಡಿನ ಕಿಂಡಿಯಲ್ಲಿ ಬರೀ ಕೆಂಪಾಗಿದ್ದ ಚಕ್ಕೆಯಲ್ಲಿ ಈಗ ಸಣ್ಣ ಸಣ್ಣ ಚಿನ್ನದ ಚುಕ್ಕಿಗಳು ಮಿನುಗಿದವು. ಅವಳು ತನ್ನೆರಡೂ ಕೈ ಮುಂದೆ ಚಾಚಿದಳು. ಗಿಡ್ಡಗೆ ಕತ್ತರಿಸಿದ, ಯಾವ ಬಣ್ಣವೂ ಕಾಣದ ಉಗುರುಗಳು.

“ಈ ಬಣ್ಣ ನನ್ನದಲ್ಲ. ನಿನ್ನ ಕೈ ನೋಡ್ಕೋ ಅಕ್ಕಾ.”

ನೋಡಿಕೊಂಡೆ. ಅರ್ಧ ಎದ್ದುಹೋದ ಕೆಂಪು. ಉಳಿದರ್ಧದಲ್ಲಿ ಚಿನ್ನದ ಚುಕ್ಕಿ.

ಅವಳು ಎಂದಿನ ಮೆತ್ತನೆಯ ದನಿಯಲ್ಲಿ ಮುಂದುವರಿಸಿದಳು. ಯಂತ್ರದ ಬಾಗಿಲಿಗೆ ಮೊನ್ನೆಯೇ ಬಿದ್ದದ್ದು ತನಿಖೆಗೆ ಬಂದ ನನ್ನ ಬೀಗ, ಅದರ ಕೀ ಇರುವುದು ನನ್ನೊಬ್ಬಳ ಹತ್ತಿರ. ಚಕ್ಕೆ ಒಳಗೆ ಇನ್ನೂ ಮೆತ್ತಗಿದೆ ಎಂದರೆ ಗೆರೆ ಎಳೆದದ್ದು ಬೀಗ ಹಾಕಿದ ಮೇಲೆ. ಅಪ್ಪನ ವಿದ್ಯೆ ಗೊತ್ತಿರುವವಳು, ಬಣ್ಣ ಇರುವವಳು, ಕೀ ಇರುವವಳು, ಇವಳ ಹೆಸರು ಕೆಡಬೇಕು ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿರುವವಳು. ಆ ಕೊನೆಯದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ನನ್ನನ್ನೇ ನೋಡಿದಳು.

“ನೀನೇ ಮಾಡಿದ್ಯಾ?”

“ಇಲ್ಲ.”

“ಮಾಡಿದ್ರೂ ನಾನು ಯಾರಿಗೂ ಹೇಳಲ್ಲ. ಡಿಸೈನ್ ತಪ್ಪು ಅಂತಾನೇ ಬರಿ. ಸಹಿ ಹಾಕ್ತೀನಿ. ಒಂದು ಕೆಲಸ ಹೋಗುತ್ತೆ ಅಷ್ಟೆ, ನೀನು ಜೈಲಿಗೆ ಹೋಗೋದು ನಂಗೆ ಬೇಡ.”

ಆಗ ನನಗೆ ಬಂದ ಸಿಟ್ಟು ಹೇಳತೀರದು. ಅವಳು ನನ್ನನ್ನು ಕಳ್ಳಿ ಎಂದಿದ್ದಕ್ಕಲ್ಲ. ಕಳ್ಳಿ ಎಂದುಕೊಂಡೂ ಕಾಪಾಡಲು ಹೊರಟಿದ್ದಕ್ಕೆ. ತ್ಯಾಗದಲ್ಲೂ ಇವಳೇ ಮುಂದಿರಬೇಕೇ? ಒಳ್ಳೆತನದಲ್ಲೂ ನನಗೆ ಉಳಿದದ್ದು ಮಾತ್ರ ಸಿಗಬೇಕೇ?

ಚೀಲ ಎಳೆದುಕೊಂಡು ಕೀ ತೆಗೆದು ಮೇಜಿಗೆ ಬಡಿದೆ. ಬಡಿದ ಮೇಲೆ ಕಣ್ಣಿಗೆ ಬಿತ್ತು. ಬೀಗಕ್ಕೆ ಎರಡು ಕೀ. ಉಂಗುರದಲ್ಲಿ ಇದ್ದದ್ದು ಒಂದೇ.

ಬೆಳಿಗ್ಗೆ ಬೀಗ ತೆಗೆಯುವಾಗಲೂ ಒಂದೇ ಇತ್ತು. ಇನ್ನೊಂದನ್ನು ಎಲ್ಲೋ ಇಟ್ಟು ಮರೆತೆ, ಈಚೆಗೆ ಏನಿಟ್ಟರೂ ಸಿಗುವುದಿಲ್ಲ, ವಯಸ್ಸಾಯಿತು ಎಂದು ನನ್ನನ್ನೇ ಬೈದುಕೊಂಡಿದ್ದೆ. ನೇಲ್ ಪಾಲಿಶ್ ಸೀಸೆಗೂ ಅದೇ ಬೈಗುಳ. ಎರಡೂ ಕಾಣೆಯಾದದ್ದು ಒಂದೇ ಮನೆಯಿಂದ.

ನಾನು ನಿನ್ನೆ ಮಧ್ಯಾಹ್ನ ಫೋರ್‌ಮನ್ ಜೊತೆ ಆಸ್ಪತ್ರೆಯಲ್ಲಿದ್ದೆ. ಶೆಡ್ಡು ಖಾಲಿ. ಗೇಟಿಗೆ ಫೋನ್ ಮಾಡಿ, ಬಂದುಹೋದವರ ಪುಸ್ತಕ ತರಲು ಹೇಳು ಎಂದೆ. ನನ್ನ ದನಿ ಕೇಳಿ ಅವಳು ಯಾಕೆ ಎಂದು ಕೇಳದೆ ಫೋನ್ ಎತ್ತಿದಳು.

ಕಾವಲುಗಾರ ಪುಸ್ತಕ ಕೊಟ್ಟು ಹೋದ. ನಿನ್ನೆಯ ಪುಟದಲ್ಲಿ ಆರೇ ಸಾಲು. ನಾಲ್ಕನೆಯದು ಹನ್ನೆರಡು ಮುಕ್ಕಾಲಿಗೆ. ಯಾರನ್ನು ನೋಡಲು ಎಂಬಲ್ಲಿ ಖಾಲಿ. ಕೆಲಸ ಏನು ಎಂಬಲ್ಲಿ ‘ತನಿಖೆ ಮೇಡಂ ಕಡೆಯವರು, ಬೀಗದ ಕೀ ತಂದಿದ್ದೇನೆ’ ಎಂದು ಬರೆದಿತ್ತು. ಹೆಸರಿನ ಜಾಗದಲ್ಲಿ ಯಾವುದೋ ಸುಳ್ಳು ಹೆಸರು.

ಹೆಸರು ಸುಳ್ಳಾದರೇನು, ಅಕ್ಷರ ಸುಳ್ಳಲ್ಲ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ, ಹಾಲಿನ ಚೀಟಿಯಲ್ಲಿ, ಇಪ್ಪತ್ತೆರಡು ವರ್ಷದಿಂದ ದಿನಾ ನೋಡುವ ಅಕ್ಷರ. ಬಾಗಿದ ತಲೆಕಟ್ಟು, ಸಾಲಿನ ಕೊನೆಗೆ ಒತ್ತಿ ಇಟ್ಟ ಚುಕ್ಕೆ.

ಅಪ್ಪ ಆ ನೇಲ್ ಪಾಲಿಶ್ ವಿದ್ಯೆ ತೋರಿಸಿದ್ದು ಮನೆಯವರಿಗೆ. ಅಳಿಯನೂ ಮನೆಯವನೇ. ಹೊಸದಾಗಿ ಮದುವೆಯಾದಾಗ ಮಾವನ ಪಕ್ಕ ಕೂತು, ನನ್ನ ಸೀಸೆ ಹಿಡಿದು ಇಬ್ಬರೂ ನಗುತ್ತಿದ್ದರು. ಅವರನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅವರನ್ನು ಎಂದೆನೇ? ಇನ್ನು ಇವನಿಗೆ ಆ ಮರ್ಯಾದೆ ಯಾಕೆ.

“ಮೂರು ವಾರದ ಹಿಂದೆ ಮೋಟಾರು ಹಾಕಿದ್ದು ಯಾರು?” ಎಂದು ಕೇಳಿದೆ.

ತಂಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಮುಖ ಬಿಳಿಚಿಕೊಂಡಿತ್ತು. “ಭಾವ,” ಅಂದಳು. ಪುಸ್ತಕ ಮುಚ್ಚಿಟ್ಟು, “ನಿಂಗೆ ಹೇಳ್ಬೇಡ ಅಂದಿದ್ರು. ನನ್ನ ಹೆಸರು ಬಂದ್ರೆ ಎರಡು ದಿನ ಮನೇಲಿ ಮುಖ ಗಂಟು ಹಾಕ್ಕೊಂಡಿರ್ತೀಯಂತೆ.”

ಅದು ಸುಳ್ಳಲ್ಲ. ಅದಕ್ಕೇ ಇನ್ನೂ ಚುಚ್ಚಿತು.

ಗೋಡೆಯ ಏಳು ಪ್ರಶ್ನೆಗಳನ್ನು ನೋಡುತ್ತ ಕೂತೆ. ಅವಸರದಲ್ಲಿ ಬೋಲ್ಟನ್ನು ಕೈಯಳತೆಗೆ ಬಿಗಿದು ಹೋದದ್ದು ಒಂದು ತಪ್ಪು. ಯಾರಿಗೂ ಆಗಬಹುದು. ಒಪ್ಪಿಕೊಳ್ಳಬಹುದಿತ್ತು. ಅದರ ಬದಲು ಇವನು ತಪ್ಪನ್ನು ಡಿಸೈನಿನ ಮೇಲೆ ಎತ್ತಿ ಹಾಕಿದ, ಅಳತೆ ತೆಗೆದು. ನನ್ನ ಹೊಟ್ಟೆಕಿಚ್ಚು ಎಷ್ಟು ಭಾರ ಹೊರುತ್ತದೆ, ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ದೂರ ಹೋಗುತ್ತದೆ ಎಂಬುದೆಲ್ಲ ಇವನಿಗೆ ಗೊತ್ತಿತ್ತು. ಗೆರೆ ನೋಡಿದ ತಕ್ಷಣ ನಾನು ಕುಣಿಯುತ್ತೇನೆ, ಮುಂದೆ ಏನೂ ಕೆರೆದು ನೋಡುವುದಿಲ್ಲ ಎಂದು ನಂಬಿದ್ದ. ವ್ರೆಂಚ್ ಕೇಳದೆ ಇಳಿದಿದ್ದರೆ ಹಾಗೇ ಆಗುತ್ತಿತ್ತು.

ಗಂಟೆ ಮೂರು ಮುಕ್ಕಾಲು. ಬರೆಯಬೇಕಾದ ಹಾಳೆ ಖಾಲಿ. ನಿಜ ಬರೆದರೆ ನನ್ನ ಗಂಡ ಒಳಗೆ ಹೋಗುತ್ತಾನೆ. ಕೀ ನನ್ನದು, ಬಣ್ಣ ನನ್ನದು, ನಾನೂ ಜೊತೆಗಿರಲಿಲ್ಲ ಎಂದರೆ ನಂಬುವವರು ಯಾರು? ಸುಳ್ಳು ಬರೆದರೆ ತಂಗಿ ಹೋಗುತ್ತಾಳೆ. ಮೊನ್ನೆ ನನಗೆ ಬೇಕಾಗಿದ್ದದ್ದು ಅದೇ. ಅವಳು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದು ಇಟ್ಟೂ ಆಗಿತ್ತು.

ನನ್ನ ಫೋನ್ ಹೊಡೆದುಕೊಂಡಿತು. ಇವನೇ. ಗಡಿಯಾರ ಅಲ್ಲವೇ, ಹೊತ್ತಿಗೆ ಸರಿಯಾಗಿ. ತಂಗಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

“ಮುಗೀತಾ?” ಎಂದು ಕೇಳಿದ.

“ಮುಗೀತು. ಡಿಸೈನ್ ತಪ್ಪು ಅಂತ ಬರ್ದೆ,” ಎಂದೆ.

ಆ ಕಡೆಯಿಂದ ಉದ್ದನೆಯ ಉಸಿರು. ಬೆಂಕಿಯಿಂದ ಪಾತ್ರೆ ಇಳಿಸಿದವರ ಹಾಗೆ. ಅವನು ನನ್ನನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಅವಳಿಗೆ ನೀನು ಹೇಳೋಕೆ ಹೋಗ್ಬೇಡ,” ಅಂದ. “ನಿನ್ನ ಬಾಯಿಂದ ಕೇಳಿದ್ರೆ ತಡ್ಕೊಳ್ಳಲ್ಲ. ನಾನೇ ಹೇಳ್ತೀನಿ.”

ಫೋನ್ ಇಟ್ಟುಬಿಟ್ಟ.

ಅವಳು ಎನ್ನುವಾಗ ಅವನ ದನಿ ಮೆತ್ತಗಾಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ಮೆತ್ತನೆಯ ದನಿಯನ್ನು ನಾನು ನನ್ನ ಹೆಸರಿಗೆ ಎಷ್ಟು ಸಲ ಕೇಳಿದ್ದೆ ಎಂದು ಎಣಿಸಲು ಹೋದೆ. ಒಂದು ಕೈಯ ಬೆರಳು ಮುಗಿಯಲಿಲ್ಲ.

ತಂಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಜಿನ ಆ ತುದಿಯಲ್ಲಿ, ತುಂಡು ಹಳಿಯ ಪಕ್ಕ, ಅವಳ ಫೋನ್ ಗುಂಯ್‌ಗುಟ್ಟುತ್ತ ಅಲುಗಾಡಿತು. ಪರದೆ ನನ್ನ ಕಡೆಗೇ ಇತ್ತು. ಅದರಲ್ಲಿ ಭಾವ ಎಂದು ಇರಲಿಲ್ಲ. ಅವನ ಹೆಸರೂ ಇರಲಿಲ್ಲ.

‘ಗಡಿಯಾರ’ ಎಂದಿತ್ತು.

ಅವಳು ಫೋನಿನ ಮೇಲೆ ಕೈಯಿಟ್ಟು ಮುಚ್ಚಲು ನೋಡಿದಳು. ತಡವಾಗಿತ್ತು, ಅದು ಅವಳಿಗೂ ಗೊತ್ತಾಯಿತು. ನಾನು ಖಾಲಿ ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ, ಅವಳು ಮುಚ್ಚಳ ತೆಗೆದಿಟ್ಟಿದ್ದ ಪೆನ್ನನ್ನೇ ಎತ್ತಿಕೊಂಡೆ.

“ಎತ್ತು,” ಅಂದೆ. “ಸ್ಪೀಕರ್ ಹಾಕು.”